ಮೂರಕ್ಕೊಂದು

ಊಟಕ್ಕ ಮೊದಲ ಒಂದು ತಾಟು ಹಸೀದು ತಿನ್ರಿ ಅಂತ
ಡಾಕ್ಟರ್ ಮುಚಖಂಡಿ ಬರದ ಕೊಟ್ರು,
ಗುಳಗಿ ಹೆಸರಿನ ಕೆಳಗ, ಅದಽ ಸೊಟ್ಟ ಅಕ್ಷರದಾಗ.

ಹಕ್ಕರಕಿ, ಮೆಂತೆ, ಮೂಲಂಗಿ, ಎಳಿ ಸವತಿಕಾಯಿ.
ಬರೇ ಎಲಿ ಮೇಯಾಕ ನಾನೇನು ಆಡಿನ ಮರಿಯೇ?
ಮೊಮ್ಮಗಳು ಫೋನ್ ನೋಡಿ ಅಂದ್ಲು:
"ಅಜ್ಜಾ, ಅದಕ್ಕ ಡ್ರೆಸ್ಸಿಂಗ್ ಹಾಕ್ತಾರ."

ಮೂವತ್ತೊಂದು ವರ್ಷ ವಿದ್ಯಾಗಿರಿ ಕಾಲೇಜಿನ
ಕೆಮಿಸ್ಟ್ರಿ ಲ್ಯಾಬಿನಾಗ ಬ್ಯುರೆಟ್ ತೊಳದಾಂವ ನಾನು.
ನನಗ ಗೊತ್ತಿದ್ದ ಡ್ರೆಸ್ಸಿಂಗ್ ಒಂದಽ:
ಆಸಿಡ್ ಸಿಡಿಸಿಕೊಂಡ ಹುಡುಗರ ಕೈಗೆ
ಹತ್ತಿ, ಪಟ್ಟಿ, ಹಳದಿ ಮುಲಾಮು.

ಮೂರು ಪಾಲು ಎಣ್ಣಿ, ಒಂದು ಪಾಲು ಹುಳಿ.
ಸೂತ್ರ ಸಿಕ್ರ ನನಗ ಜೀವ ಬರತೈತಿ.
ನಿವೃತ್ತಿ ದಿನ ಶಾಲಿನ ಮಡಿಕಿಯಾಗ ಬಂದ
ಹತ್ತು ಎಮ್ಮೆಲ್ಲಿನ ಪಿಪೆಟ್ಟು ತಗದೆ
(ಕದ್ದದ್ದಲ್ಲ, ಕೇಳಿ ತಂದದ್ದು.
ಕೇಳಿದ್ದು ತಂದ ಮ್ಯಾಲ, ಅದು ಬ್ಯಾರೆ ಮಾತು).
ಕುಸುಬಿ ಎಣ್ಣಿ ಮೂವತ್ತು.
ಇಂಡಿ ಲಿಂಬಿಕಾಯಿ ರಸ ಹತ್ತು, ಬೀಜ ಸೋಸಿ.
ಮುಚ್ಚಳ ಬಿಗದು, ನೂರು ಎಣಿಸಿ ಅಲುಗಾಡಿಸಿದೆ.

ಮೋಡದ್ಹಂಗ ಆತು. ಹಳದಿ, ಮಂದ, ಚಂದ.
ಅಡಗಿ ಮನಿಯಿಂದ ಪಡಸಾಲಿಗೆ ಒಯ್ಯೂದ್ರಾಗ
ಎಣ್ಣಿ ಮ್ಯಾಲೇರಿ ಕುಂತಿತ್ತು, ರಸ ತಳ ಹಿಡದಿತ್ತು,
ನಡುವ ಒಂದು ಗೆರಿ
ಪಟ್ಟಿ ಹಿಡದು ಎಳದ್ಹಂಗ.

ನಾಗಲಾ ಮೂಲಂಗಿ ಹೆಚ್ಚಾಕತ್ತಿದ್ಲು, ತಲಿ ಎತ್ತಲಿಲ್ಲ.
"ಗುರೆಳ್ಳು ಎಲ್ಲೈತಿ?"
ಸೂತ್ರದಾಗ ಗುರೆಳ್ಳು ಇಲ್ಲ.
"ಹಂಗಾರ ಸೂತ್ರನಽ ಹಸೀದೈತಿ ಬಿಡ್ರಿ."

ಹುರದ ಗುರೆಳ್ಳು, ಎರಡೆಸಳು ಬಳ್ಳೊಳ್ಳಿ, ಒಣಖಾರ
ಒಳ್ಳಿಗೆ ಹಾಕಿ ಕುಟ್ಟಿದ್ಲು.
ಎಷ್ಟು ಅಂತ ಕೇಳಿದ್ರ ಅಂಗೈ ತೋರಿಸಿದ್ಲು.
ಮ್ಯಾಲ ಎರಡು ಚಮಚ ಕೆನಿಮೊಸರು,
ನನ್ನ ಬಾಟಲಿ ಹನಿಹನಿಯಾಗಿ ಬಗ್ಗಿಸಿ
ಬೆರಳಿಲೆ ತಿರುವಿದ್ಲು, ಒಂದಽ ದಿಕ್ಕಿಗೆ.
ನಾ ಗಡಿಯಾರ ಹಿಡದು ಕುಂತೆ.
ಅರ್ಧ ತಾಸಾದ್ರೂ ಆ ಗೆರಿ ಹೊಳ್ಳಿ ಬರಲಿಲ್ಲ.

ಬಾಯಿ ತಗದೆ ನಾನು: ಎಣ್ಣಿಗೂ ನೀರಿಗೂ ನಡುವ
ಇಬ್ಬರ ಕೈಯೂ ಹಿಡಿಯೂವಂಥಾದ್ದು ಒಂದು...
"ಸಂಸಾರಕ್ಕ ಹೋಲಿಸಿ ಭಾಷಣ ಮಾಡಬ್ಯಾಡ್ರಿ,
ಮೂಲಂಗಿ ನೀರು ಬಿಡಾಕತ್ತೈತಿ."

ಸುಮ್ಮನಾದೆ. ಆಮ್ಯಾಲ ಕೇಳಿದೆ,
ಒಂದಽ ದಿಕ್ಕಿಗೆ ಯಾಕ?
ಅಕಿ ಬೆರಳು ನಿಂತ್ತು.
"ಅಪ್ಪನ ಗಾಣ ಹಂಗಽ ತಿರುಗತಿತ್ತಲ್ಲ."

ಹಳೇ ಊರಾಗ, ಈಗ ಹಿನ್ನೀರು ನಿಂತಲ್ಲಿ,
ಕಣ್ಣಿಗೆ ತಟ್ಟು ಕಟ್ಟಿದ ಎತ್ತು,
ನೊಗದ ಹಿಂದಿನ ಹಲಗಿ ಮ್ಯಾಲ ಕುಂತ ಏಳು ವರ್ಷದ ಹುಡುಗಿ,
ಕೈಯಾಗ ರೊಟ್ಟಿ ಚೂರು, ಮೊದಲ ಧಾರಿಗೆ ಒಡ್ಡಾಕ.
ನವನಗರಕ್ಕ ಬರೂವಾಗ
ಲಾರಿಯಾಗ ಗಡಿಗಿ ಬಂದ್ವು, ತೊಟ್ಟಲ ಬಂತು,
ಕಲ್ಲು ಬರಲಿಲ್ಲ.

ಬ್ಯಾಸಗಿಗೆ ನೀರು ಇಳದಾಗ ಅದು ಕಾಣತೈತಂತ.
ಅಕಿ ಹೋಗಿಲ್ಲ. ನಾ ಒಮ್ಮೆ ಹೋಗಿ ನೋಡಿ ಬಂದೀನಿ,
ಇನ್ನೂ ಹೇಳಿಲ್ಲ.
ಕಲ್ಲಿನ ಕುಣಿಯಾಗ ಬೊಗಸಿ ನೀರು ನಿಂತಿತ್ತು,
ಮ್ಯಾಲ ಏಳು ಬಣ್ಣದ ಪದರ.
ಯಾವುದೋ ದೋಣಿ ಡೀಸೆಲ್ ಇರಬೇಕು.
ಆದ್ರೂ ಬೆರಳದ್ದಿ
ಮೂಗಿಗೆ ಹಿಡದಿದ್ದೆ.

ಹಕ್ಕರಕಿ ಎಲಿ ಒರಟು, ಒಂಚೂರು ಕಹಿ.
ಗುರೆಳ್ಳು ಅದರ ಹಲ್ಲುಹಲ್ಲಿಗೂ ಹತ್ತಿಕೊಂಡಿತ್ತು.
ತಾಟು ಮುಗೀತು. ಬೋಗಾಣಿ ಮುಗೀಲಿಲ್ಲ.
ತಳ ಬಳಿಯಾಕ ರೊಟ್ಟಿ ಬೇಕಾತು,
ಆ ರೊಟ್ಟಿಗೆ ಮತ್ತಷ್ಟು ಹಿಂಡಿ.

ರಾತ್ರಿ ಹಳೇ ಲ್ಯಾಬ್ ವಹಿಯಾಗ ಬರದೆ:
ಎಣ್ಣಿ, ಮೂವತ್ತು. ರಸ, ಹತ್ತು.
ಗುರೆಳ್ಳು, ಒಂದು ಅಂಗೈ, ನಾಗಲಾಂದು.
ಊಟಾದ ಮ್ಯಾಲ ಸಕ್ಕರಿ, ನೂರಾ ಎಪ್ಪತ್ತೆಂಟು.
ರೊಟ್ಟಿ ಎಷ್ಟು ಅನ್ನೂ ಕಾಲಂ
ಖಾಲಿ ಬಿಟ್ಟೀನಿ.